ಇನ್ನೊಬ್ಬರ ಮಾತು ಹೇಳುವ ಕೆಲಸ

ನಮ್ಮ ದೇವಣಿ ಕಡೆ ಹಿಂದೆ ಸರಕಾರದ ಹುಕುಂ ಊರಿಗೆ ಮುಟ್ಟುತ್ತಿದ್ದುದು ಡಂಗುರದವನ ಬಾಯಿಂದ. ಹುಕುಂ ಯಾರದೋ, ದನಿ ಅವನದು. ಬೈಗುಳ ಮಾತ್ರ ಮೊದಲು ಅವನಿಗೇ! ದಿಲ್ಲಿಯಲ್ಲಿ ಇಂಥದೇ ಕೆಲಸ ಮಾಡಿದ ಕನ್ನಡಿಗರೊಬ್ಬರಿದ್ದರು: ಎಚ್.ವೈ. ಶಾರದಾ ಪ್ರಸಾದ್. ನಮ್ಮ ಮಂದಿಗೆ ಅವರ ಹೆಸರೇ ಗೊತ್ತಿಲ್ಲ ನೋಡ್ರಿ.

1924ರಲ್ಲಿ ಹುಟ್ಟಿದ ಇವರು ಮೈಸೂರಿನಲ್ಲಿ ಓದುವಾಗ 1942ರ ಚಳವಳಿಗೆ ಇಳಿದು ಜೈಲು ಕಂಡರು, ಅಲ್ಲಿ ದಿನಚರಿ ಬರೆದರು. ಮುಂದೆ ಮುಂಬಯಿಯಲ್ಲಿ ಪತ್ರಕರ್ತರಾದರು, ‘ಯೋಜನಾ’ ಪತ್ರಿಕೆಗೆ ಸಂಪಾದಕರಾದರು. 1966ರಿಂದ ಇಂದಿರಾ ಗಾಂಧಿಯವರ ಕಚೇರಿ. ಮಾಹಿತಿ ಸಲಹೆಗಾರರ ಕೆಲಸ ಅಂದರ ಪತ್ರಿಕೆಯವರಿಗೆ ಸುದ್ದಿ ಕೊಡೋದಷ್ಟೇ ಅಲ್ಲ. ಪ್ರಧಾನಿಯ ಭಾಷಣ ತಿದ್ದಿ ಬರೆಯಬೇಕು, ಹೊರಗಿನ ಮಂದಿ ಏನಂತಾರ ಅನ್ನೋದನ್ನೂ ಒಳಗೆ ಮುಟ್ಟಿಸಬೇಕು.

ನನಗೆ ತೊಡಕಾಗೋದು 1975. ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ದಿಲ್ಲಿಯ ಪತ್ರಿಕೆಗಳ ಕರೆಂಟು ತೆಗೆದರು, ಸೆನ್ಸಾರ್ ಕೂತಿತು. ಅದನ್ನು ನಡೆಸಿದ್ದು ವಿದ್ಯಾಚರಣ ಶುಕ್ಲಾರ ಸಚಿವಾಲಯ, ಇವರಲ್ಲ, ಖರೆ. ಆದರೂ 1942ರಲ್ಲಿ ಜೈಲಿಗೆ ಹೋದ ಹುಡುಗ ಆ ದಿನ ಪ್ರಧಾನಿಯ ಕಚೇರಿಯಲ್ಲೇ ಇದ್ದ. ಕುರ್ಚಿ ಬಿಟ್ಟು ಏಳಬೇಕಿತ್ತು ಅಂತ ನನ್ನ ಮನಸ್ಸು ಹೇಳತದ. ದೂರ ಕೂತು ಹಂಗ ಹೇಳೋದು ಸಸಾರ, ಅದೂ ಗೊತ್ತದ.

ನಿವೃತ್ತರಾದ ಮೇಲೂ ಒಳಗಿನ ಗುಟ್ಟಿನ ಪುಸ್ತಕ ಅವರು ಬರೆಯಲಿಲ್ಲ. ‘ನಾನು ಬರೆಯದಿರುವ ಪುಸ್ತಕ’ ಅನ್ನೋ ಅರ್ಥದ ಹೆಸರಿಟ್ಟು ಇಂಗ್ಲಿಷಿನಲ್ಲಿ ಪ್ರಬಂಧಗಳನ್ನು ತಂದರು. 2008ರಲ್ಲಿ ತೀರಿಕೊಂಡರು. ಆ ಜೈಲಿನ ದಿನಚರಿ ಅಚ್ಚಾದದ್ದು ಅವರು ಹೋದ ಮೇಲೆ.