ಜೇಬಿನೊಳಗಿನ ಬೆಳಕು

ನೀವು ಜೇಬಿನಲ್ಲಿಟ್ಟುಕೊಳ್ಳುವ ಪುಟ್ಟ ಟಾರ್ಚಿಗೂ ಒಂದು ಚರಿತ್ರೆಯುಂಟು. 1899ರಲ್ಲಿ ಡೇವಿಡ್ ಮಿಸೆಲ್ ಎಂಬಾತ ಅಮೆರಿಕದಲ್ಲಿ ಇಂಥ ಕೈದೀಪಕ್ಕೆ ಪೇಟೆಂಟ್ ಪಡೆದ. ಕೊಳವೆಯೊಳಗೆ ಒಣ ಸೆಲ್ಲುಗಳು, ತುದಿಯಲ್ಲೊಂದು ಬಲ್ಬು. ಇಂದಿಗೂ ಕಟ್ಟು ಹೆಚ್ಚುಕಡಮೆ ಅದೇ. ಆದರೆ ಅಂದಿನ ಬಲ್ಬಿನ ಇಂಗಾಲದೆಳೆ ವಿದ್ಯುತ್ತನ್ನು ಬಹಳ ನುಂಗುತ್ತಿತ್ತು. ಸೆಲ್ಲುಗಳೋ ಬೇಗ ಸೋಲುತ್ತಿದ್ದುವು. ಒತ್ತಿದರೆ ಕ್ಷಣಕಾಲ ಮಿಂಚು, ಬಳಿಕ ವಿಶ್ರಾಂತಿ! ‘ಫ್ಲ್ಯಾಶ್‌ಲೈಟ್’ ಎಂಬ ಅಮೆರಿಕನ್ ಹೆಸರು ಬಂದುದು ಹೀಗೆಯೇ. ಮುಂದೆ ಟಂಗ್‌ಸ್ಟನ್ ಎಳೆ ಬಂದಮೇಲೆ ಬೆಳಕು ಎಡೆಬಿಡದೆ ಉರಿಯಿತು. 1990ರ ದಶಕದಲ್ಲಿ ಬಂದ ಬಿಳಿ ಎಲ್‌ಇಡಿ ಕಡಮೆ ವಿದ್ಯುತ್ತಿನಲ್ಲೇ ಇನ್ನೂ ಹೆಚ್ಚು ಹೊತ್ತು ಬೆಳಗಿತು.

ಆದುದರಿಂದ ಟಾರ್ಚು ಕೊಳ್ಳುವಾಗ ‘ಎಷ್ಟು ಪ್ರಖರ?’ ಎಂದಷ್ಟೇ ಕೇಳಬೇಡಿ. ‘ಎಷ್ಟು ಹೊತ್ತು ಉರಿದೀತು? ಇದರ ಸೆಲ್ಲು ನಮ್ಮೂರ ಅಂಗಡಿಯಲ್ಲಿ ಸಿಕ್ಕೀತೆ?’ ಎಂದೂ ಕೇಳಿ. ಕತ್ತಲಲ್ಲಿ ಮನೆಯಲ್ಲುಳಿದ ದೊಡ್ಡ ದೀಪವಲ್ಲ, ಜೇಬಿನಲ್ಲಿರುವ ಸಣ್ಣದೇ ದಾರಿ ತೋರುವುದು.