ಅಂಗೈಯಲ್ಲಿನ ದಿಕ್ಕು: ಕಿಬ್ಲಾ ಅರಸಿದವರ ಇತಿಹಾಸ

ಅಪರಿಚಿತ ಊರಿನಲ್ಲಿ ಬಸ್ಸಿಳಿದ ಪ್ರಯಾಣಿಕನು ಇಂದು ದಾರಿಹೋಕರನ್ನು ವಿಚಾರಿಸುವುದು ಅಪರೂಪ. ಜೇಬಿನಲ್ಲಿರುವ ಮೊಬೈಲ್ ಅವನಿಗೆ ಹಾದಿ ತೋರಿಸುತ್ತದೆ, ನಮಾಝಿನ ಹೊತ್ತಾದಾಗ ಕಿಬ್ಲಾವನ್ನೂ ತಿಳಿಸುತ್ತದೆ. ಈ ಅನುಗ್ರಹವು ಒಂದೇ ದಿನದಲ್ಲಿ ನಮ್ಮ ಕೈಸೇರಿದ್ದಲ್ಲ. ಅದರ ಹಿಂದಿರುವ ಇತಿಹಾಸವನ್ನು ಅರಿಯುವುದು ನಮ್ಮ ಕರ್ತವ್ಯವಾಗಿದೆ.

ನೆಲ ಮತ್ತು ಕಡಲಿನ ಅಂಧಕಾರದಲ್ಲಿ ಮಾನವರು ದಾರಿ ಕಂಡುಕೊಳ್ಳಲೆಂದು ನಕ್ಷತ್ರಗಳನ್ನು ಉಂಟುಮಾಡಿರುವುದಾಗಿ ಅಲ್ಲಾಹನು ಕುರ್‌ಆನಿನ ಅನ್‌ಆಮ್ ಅಧ್ಯಾಯದ 97ನೇ ಸೂಕ್ತದಲ್ಲಿ ನೆನಪಿಸುತ್ತಾನೆ. ಅರಬರು ಬೆಟ್ಟ, ಬಾವಿ, ತಾರೆಗಳನ್ನು ನೋಡಿ ನಡೆಯುತ್ತಿದ್ದರು. ಕ್ರಿ.ಶ. 622ರ ಹಿಜ್‌ರತ್‌ನ ಸಂದರ್ಭದಲ್ಲಿ ಪ್ರವಾದಿ ಮುಹಮ್ಮದ್(ಸ)ರೂ ಹಝ್ರತ್ ಅಬೂಬಕರ್(ರ)ರೂ ಅಬ್ದುಲ್ಲಾ ಬಿನ್ ಉರೈಕಿತ್ ಎಂಬವರನ್ನು ಮಾರ್ಗದರ್ಶಕರನ್ನಾಗಿ ನೇಮಿಸಿಕೊಂಡರು. ಆಗ ಅವರು ಮುಸ್ಲಿಮರಾಗಿರಲಿಲ್ಲ. ಆದರೂ ಮರುಭೂಮಿಯ ಹಾದಿಗಳನ್ನು ಬಲ್ಲವರಾಗಿದ್ದರು, ನಂಬಿಕೆಗೆ ಅರ್ಹರಾಗಿದ್ದರು. ಬಲ್ಲವರಿಂದ ಅರಿವನ್ನು ಪಡೆಯಲು ಧರ್ಮವು ಅಡ್ಡಿಯಲ್ಲವೆಂಬುದನ್ನು ಈ ಘಟನೆಯಿಂದ ನಾವು ಕಲಿಯುತ್ತೇವೆ.

ಹಿಜರಿ 2ರಲ್ಲಿ ಕಿಬ್ಲಾ ಬೈತುಲ್ ಮುಕದ್ದಸ್‌ನಿಂದ ಕಅಬಾದ ಕಡೆಗೆ ಬದಲಾಯಿತು. ಇಸ್ಲಾಮ್ ದೂರದ ನಾಡುಗಳಿಗೆ ಹಬ್ಬಿದಂತೆ, ಎಲ್ಲಿದ್ದರೂ ದಿನಕ್ಕೆ ಐದು ಬಾರಿ ದಿಕ್ಕನ್ನು ತಿಳಿಯುವ ಅಗತ್ಯ ಉಂಟಾಯಿತು. ಅಲ್‌ಬೀರೂನಿಯವರು 1025ರ ಸುಮಾರಿಗೆ ಗಝ್ನಿಯಲ್ಲಿ ಪೂರ್ಣಗೊಳಿಸಿದ ಒಂದು ಗ್ರಂಥದಲ್ಲಿ, ನಗರಗಳ ಅಕ್ಷಾಂಶ ರೇಖಾಂಶಗಳನ್ನು ನಿರ್ಧರಿಸಿ ಆ ನಗರದ ಕಿಬ್ಲಾವನ್ನು ಲೆಕ್ಕಹಾಕಿದರು. ಗ್ರೀಕರಿಂದ ಬಂದ ಅಸ್ತ್ರಲಾಬ್ ಎಂಬ ಹಿತ್ತಾಳೆಯ ಉಪಕರಣವನ್ನು ಮುಸ್ಲಿಮ್ ವಿದ್ವಾಂಸರು ಬಹಳವಾಗಿ ಬೆಳೆಸಿದರು. ಬೆರಳಿಗೆ ತೂಗುಹಾಕಿ ಸೂರ್ಯನ ಅಥವಾ ತಾರೆಯ ಎತ್ತರವನ್ನು ಅಳೆದರೆ ಅದು ಹೊತ್ತನ್ನೂ ದಿಕ್ಕನ್ನೂ ತಿಳಿಸುತ್ತಿತ್ತು. ಮೊಗಲರ ಕಾಲದಲ್ಲಿ ಲಾಹೋರಿನ ಅಲ್ಲಾಹ್‌ದಾದ್ ಮನೆತನವು ತಲೆಮಾರುಗಳವರೆಗೆ ಈ ಕಸುಬಿಗೆ ಹೆಸರಾಗಿತ್ತು.

ಆದರೆ ಮೋಡ ಕವಿದಾಗ ಅಸ್ತ್ರಲಾಬ್ ನಿರುಪಯೋಗಿ. ಆ ಕೊರತೆಯನ್ನು ಕಾಂತದ ಸೂಜಿ ನೀಗಿಸಿತು. ಚೀನಾದ ಶೆನ್ ಕುವೊ 1088ರ ಸುಮಾರಿಗೇ ಅದನ್ನು ವರ್ಣಿಸಿದ್ದರು. ಮುಸ್ಲಿಮ್ ಲೋಕದಲ್ಲಿ, ಯಮನಿನ ರಸೂಲೀ ರಾಜವಂಶದ ಅಲ್‌ಅಶ್ರಫ್ ಉಮರ್ ಅವರು ಸುಮಾರು 1290ರಲ್ಲಿ, ಬಟ್ಟಲಿನ ನೀರಿನಲ್ಲಿ ಸೂಜಿಯನ್ನು ತೇಲಿಸಿ ಕಿಬ್ಲಾ ಕಂಡುಕೊಳ್ಳುವ ಕ್ರಮವನ್ನು ಬರೆದಿಟ್ಟರು.

ದಮಾಸ್ಕಸ್‌ನ ಉಮಯ್ಯದ್ ಮಸೀದಿಯಲ್ಲಿ ಮುವಕ್ಕಿತ್, ಅಂದರೆ ನಮಾಝಿನ ವೇಳೆಗಳನ್ನು ಗಣಿಸುವ ಅಧಿಕಾರಿಯಾಗಿದ್ದ ಇಬ್ನ್ ಅಶ್ಶಾತಿರ್ ಅವರು ಇನ್ನೂ ಮುಂದೆ ಸಾಗಿದರು. ಸೂರ್ಯಗಡಿಯಾರವನ್ನೂ ಕಾಂತದ ಸೂಜಿಯನ್ನೂ ಒಳಗೊಂಡ, ಕೈಯಲ್ಲಿ ಒಯ್ಯಬಹುದಾದ ಚಿಕ್ಕ ಪೆಟ್ಟಿಗೆಯೊಂದನ್ನು ಅವರು 1366ರ ಸುಮಾರಿಗೆ ರೂಪಿಸಿದರು. ಹೊತ್ತು ಮತ್ತು ದಿಕ್ಕುಗಳೆರಡೂ ಹೀಗೆ ಒಂದೇ ಪೆಟ್ಟಿಗೆಯಲ್ಲಿ ಪ್ರಯಾಣಿಕನ ಜೊತೆಗೂಡಿದವು. ಮುಂದೆ ಉಸ್ಮಾನಿಯಾ ಆಳ್ವಿಕೆಯಲ್ಲಿ ಊರುಗಳ ಹೆಸರನ್ನು ಬರೆದ ಕಿಬ್ಲಾನುಮಾಗಳು ಬಳಕೆಗೆ ಬಂದವು. ಬಳಸುವವನು ಲೆಕ್ಕ ಮಾಡಬೇಕಿರಲಿಲ್ಲ, ತನ್ನ ಊರನ್ನು ಗುರುತಿಸಿ ಸೂಜಿಯನ್ನು ಸರಿಹೊಂದಿಸಿದರೆ ಸಾಕಿತ್ತು.

ಇಂದಿನ ಮೊಬೈಲ್ ಮಾಡುವುದೂ ಇದನ್ನೇ. ಉಪಗ್ರಹಗಳ ನೆರವಿನಿಂದ ನಾವಿರುವ ಸ್ಥಳವನ್ನು ತಿಳಿದು, ಅಲ್‌ಬೀರೂನಿಯವರು ಕೈಯಿಂದ ಮಾಡಿದಂತಹ ಲೆಕ್ಕವನ್ನು ಕ್ಷಣಮಾತ್ರದಲ್ಲಿ ಮಾಡಿ, ಒಳಗಿರುವ ಕಾಂತ ಸಂವೇದಕದಿಂದ ದಿಕ್ಕನ್ನು ತೋರಿಸುತ್ತದೆ. ಸಂವೇದಕದ ಹತ್ತಿರ ಕಬ್ಬಿಣ ಅಥವಾ ಆಯಸ್ಕಾಂತವಿದ್ದರೆ ಹಳೆಯ ಸೂಜಿಯಂತೆಯೇ ಇದೂ ತಪ್ಪುತ್ತದೆ.

ಇದನ್ನು ತಿಳಿಯದೆ ಕೆಲವರು ಮಸೀದಿಯ ಸಫ್ಫಿನಲ್ಲಿ ಮೊಬೈಲ್ ಹಿಡಿದು, ಕೆಲವು ಡಿಗ್ರಿಗಳ ವ್ಯತ್ಯಾಸಕ್ಕಾಗಿ ವಾದಕ್ಕಿಳಿಯುವುದು ಖೇದಕರ. ಬೆಂಗಳೂರಿನಿಂದ ಕಿಬ್ಲಾವು ನೇರ ಪಶ್ಚಿಮವಲ್ಲ, ಅದಕ್ಕಿಂತ ಸುಮಾರು 18 ಡಿಗ್ರಿ ಉತ್ತರಕ್ಕಿದೆ. ಮಸೀದಿ ಕಟ್ಟುವಾಗ ಇದನ್ನು ಬಲ್ಲವರಿಂದ ಅಳತೆ ಮಾಡಿಸಬೇಕಾದುದು ಅಗತ್ಯ. ಆದರೆ ದೂರದಲ್ಲಿರುವವರಿಗೆ ಕಅಬಾ ಇರುವ ದಿಕ್ಕಿಗೆ ಮುಖಮಾಡಿದರೆ ಸಾಕೆಂದು ಹನಫೀ ವಿದ್ವಾಂಸರು ಹೇಳಿದ್ದಾರೆ. ಶಾಫಿಈ ಮದ್‌ಹಬ್‌ನ ಪ್ರಬಲ ಅಭಿಪ್ರಾಯವು ಕಅಬಾವನ್ನೇ ಗುರಿಯಾಗಿಸಲು ಹೇಳುತ್ತದೆ, ಆದರೂ ದೂರದಲ್ಲಿರುವವರಿಗೆ ಬಲವಾದ ಊಹೆಯನ್ನು ಸಾಕೆಂದು ಒಪ್ಪುತ್ತದೆ. ದಾರಿಯಲ್ಲಿ ದಿಕ್ಕು ತಿಳಿಯದ ಪ್ರಯಾಣಿಕನು ಕುರುಹುಗಳನ್ನು ಅರಸಿ, ಬಲ್ಲವರನ್ನು ಕೇಳಿ, ತನ್ನ ಪ್ರಯತ್ನಕ್ಕೆ ದೊರೆತ ದಿಕ್ಕಿಗೆ ನಮಾಝ್ ನಿರ್ವಹಿಸಬೇಕು. ಆ ಮೇಲೆ ದಿಕ್ಕು ತಪ್ಪಿತ್ತೆಂದು ತಿಳಿದರೂ ಹನಫೀ ಮದ್‌ಹಬ್ ಪ್ರಕಾರ ನಮಾಝ್ ಸಿಂಧು. ಶಾಫಿಈ ಮದ್‌ಹಬ್ ಪ್ರಕಾರ, ತಪ್ಪು ಖಚಿತವಾದರೆ ಮರಳಿ ನಿರ್ವಹಿಸಬೇಕು. ಎರಡರಲ್ಲೂ ದಾಸನಿಂದ ಪ್ರಾಮಾಣಿಕ ಪ್ರಯತ್ನವನ್ನು ಕೇಳಲಾಗಿದೆ.

ಆದ್ದರಿಂದ ನಮ್ಮ ಮಕ್ಕಳಿಗೆ ಕಿಬ್ಲಾ ಆ್ಯಪ್ ತೋರಿಸುವುದರೊಂದಿಗೆ, ಧ್ರುವತಾರೆಯನ್ನೂ ಸೂರ್ಯನ ನೆರಳನ್ನೂ ಗುರುತಿಸಲು ಕಲಿಸೋಣ. ಮೇ 28ರಂದು ನಮ್ಮ ಸಮಯ ಮಧ್ಯಾಹ್ನ 2.48ಕ್ಕೆ ಸೂರ್ಯನು ಕಅಬಾದ ನೆತ್ತಿಯ ಮೇಲಿರುತ್ತಾನೆ. ಆ ಹೊತ್ತಿನಲ್ಲಿ ಬಿಸಿಲಿಗೆ ನೆಟ್ಟ ಕೋಲಿನ ನೆರಳಿಗೆ ನೇರ ಎದುರು ದಿಕ್ಕೇ ಕಿಬ್ಲಾ. ಮಕ್ಕಳು ಒಮ್ಮೆ ತಾವೇ ಇದನ್ನು ಪರೀಕ್ಷಿಸಿದರೆ, ಬೀರೂನಿ ಮತ್ತು ಇಬ್ನ್ ಅಶ್ಶಾತಿರ್‌ರಂತಹವರ ಪರಿಶ್ರಮ ಅವರಿಗೆ ಮನದಟ್ಟಾಗುವುದು, ಮೊಬೈಲಿನ ಸೂಜಿ ಯಾವಾಗ ನಂಬಲರ್ಹವಲ್ಲ ಎಂಬುದೂ ತಿಳಿಯುವುದು. ಅಲ್ಲಾಹನು ನಮ್ಮ ಮುಖಗಳನ್ನು ಕಿಬ್ಲಾದ ಕಡೆಗೂ ಹೃದಯಗಳನ್ನು ತನ್ನ ಕಡೆಗೂ ತಿರುಗಿಸಲಿ. ಆಮೀನ್.