ಕರೆನ್ಸಿ ಮತ್ತು ಅಕೌಂಟಿಂಗ್ ನಮೂನೆಗಳು

ಸ್ಪ್ರೆಡ್‌ಶೀಟ್‌ನಲ್ಲಿ ಹಣದ ಮೊತ್ತವನ್ನು ತೋರಿಸುವ ಎರಡು ಸಂಖ್ಯಾ ನಮೂನೆಗಳು. ಎಕ್ಸೆಲ್‌ನ ಕರೆನ್ಸಿ ನಮೂನೆಯಲ್ಲಿ ಚಿಹ್ನೆ ಅಂಕಿಗೆ ಅಂಟಿಕೊಂಡಿರುತ್ತದೆ. ಅಕೌಂಟಿಂಗ್‌ನಲ್ಲಿ ಅದು ಸೆಲ್‌ನ ಎಡ ಅಂಚಿಗೆ ಸರಿಯುತ್ತದೆ, ದಶಮಾಂಶ ಬಿಂದುಗಳು ಒಂದರ ಕೆಳಗೊಂದು ನಿಲ್ಲುತ್ತವೆ, ಸೊನ್ನೆಯ ಜಾಗದಲ್ಲಿ ಅಡ್ಡಗೆರೆ ಬರುತ್ತದೆ. ಉದ್ದನೆಯ ಜಮಾ-ಖರ್ಚಿಗೆ ಇದೇ ಹೆಚ್ಚು ಅನುಕೂಲ.

ನಮೂನೆ ಬದಲಿಸುವುದು ತೋರಿಕೆಯನ್ನು ಮಾತ್ರ. 99.456 ಎಂಬುದು ₹99.46 ಎಂದು ಕಂಡರೂ ಕೂಡುವಾಗ ಲೆಕ್ಕಕ್ಕೆ ಬರುವುದು 99.456. ಒಟ್ಟು ಮೊತ್ತದಲ್ಲಿ ಪೈಸೆಗಳ ವ್ಯತ್ಯಾಸ ಹುಟ್ಟುವುದು ಹೀಗೆ. ರೌಂಡ್ ಸೂತ್ರದಿಂದ ಮೊದಲೇ ಪೂರ್ಣಾಂಕನ ಮಾಡಬೇಕು.

ಡಿ. ಉದಯಕುಮಾರ್ ರೂಪಿಸಿದ ₹ ಚಿಹ್ನೆಯನ್ನು ಕೇಂದ್ರ ಸರ್ಕಾರ 2010ರ ಜುಲೈ 15ರಂದು ಅಂಗೀಕರಿಸಿತು. ಅದೇ ವರ್ಷ ಅದು ಯೂನಿಕೋಡ್ 6.0ಕ್ಕೆ ಸೇರಿತು. ಚಿಹ್ನೆಗಿಂತ ತೊಡಕಿನದು ಅಲ್ಪವಿರಾಮ. ಲೋಣಾವಳಾದ ಚಿಕ್ಕಿ ಅಂಗಡಿಯ ಲೆಕ್ಕವಾಗಲಿ, ಬ್ಯಾಡಗಿಯ ಮೆಣಸಿನಕಾಯಿ ಮಂಡಿಯದಾಗಲಿ, ಓದುವುದು ಲಕ್ಷ-ಕೋಟಿಗಳಲ್ಲಿ: 12,34,567. ಅಮೆರಿಕದ ಸೆಟ್ಟಿಂಗ್ ಇರುವ ಗಣಕದಲ್ಲಿ ಅದೇ ಮೊತ್ತ 1,234,567 ಆಗುತ್ತದೆ. ವಿಂಡೋಸ್‌ನ ಪ್ರಾದೇಶಿಕ ಸೆಟ್ಟಿಂಗ್‌ನಲ್ಲಿ ಭಾರತವನ್ನು ಆರಿಸುವುದು ನೇರ ಪರಿಹಾರ. ಷರತ್ತು ಬರೆದು ಸ್ವಂತ ನಮೂನೆ ಕಟ್ಟುವುದು ಇನ್ನೊಂದು ದಾರಿ:

[>=10000000]##\,##\,##\,##0;[>=100000]##\,##\,##0;##,##0

ಇಲ್ಲಿ ಎರಡೇ ಷರತ್ತುಗಳಿಗೆ ಅವಕಾಶವಿರುವುದರಿಂದ ಋಣ ಮೊತ್ತಗಳು ಮೂರನೆಯ ಭಾಗಕ್ಕೆ ಬಿದ್ದು ಮತ್ತೆ ಸಾವಿರದ ಗುಂಪುಗಳಾಗಿ ಕಾಣಬಹುದು.